ಉಕ್ಕುವ ಕಾರ್ಬುರೇಟರ್: ನಾಡದೋಣಿಯ ಎಂಜಿನ್ ಕಲಿಸಿದ ಕ್ರಮ

ಬಟ್ಟಲಿನಲ್ಲಿ ನಿಲ್ಲಬೇಕಾದ ಮಟ್ಟವನ್ನು ದಾಟಿ ಇಂಧನ ಮೇಲೇರಿದಾಗ ಕಾರ್ಬುರೇಟರ್ ಉಕ್ಕುತ್ತದೆ. ಗಾಳಿಯಲ್ಲಿ ಬೆರೆತು ಹನಿಹನಿಯಾಗಿ ಒಳಗೆ ಹೋಗಬೇಕಾದದ್ದು ಆಗ ದ್ರವವಾಗಿಯೇ ಗಾಳಿಯ ದಾರಿಗೆ ಚೆಲ್ಲುತ್ತದೆ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಈ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆಯಾದರೂ ಎಂಜಿನ್ ಓಡುತ್ತದೆ. ಇಂಧನ ಮಿತಿಮೀರಿದರೆ ಮಾತ್ರ ಕಿಡಿ ಹಾರಿದರೂ ಹೊತ್ತಿಕೊಳ್ಳುವುದಿಲ್ಲ. ಪ್ಲಗ್ ಒದ್ದೆಯಾಗುತ್ತದೆ, ಹೊಗೆ ದಟ್ಟವಾಗುತ್ತದೆ, ನಿಧಾನ ಓಟದಲ್ಲಿ ಎಂಜಿನ್ ಮುಗ್ಗರಿಸಿ ನಿಲ್ಲುತ್ತದೆ. ದಡದ ಮೇಲೆ ಇದು ಕೆಲವು ಗಂಟೆಗಳ ದುರಸ್ತಿ. ಅಳಿವೆ ಬಾಗಿಲಿನಲ್ಲಿ, ದೋಣಿಗೆ ಅಡ್ಡವಾಗಿ ಅಲೆ ಏಳುವ ಹೊತ್ತಿನಲ್ಲಿ, ಇದೇ ದೋಷ ಜೀವಕ್ಕೆ ಕುತ್ತು.

1980ರ ದಶಕದಿಂದೀಚೆಗೆ ಕರ್ನಾಟಕದ ಕರಾವಳಿಯಲ್ಲಿ ಹುಟ್ಟು, ಹಾಯಿಗಳಿಂದ ನಡೆಯುತ್ತಿದ್ದ ನಾಡದೋಣಿಗಳು ಒಂದೊಂದಾಗಿ ಔಟ್‌ಬೋರ್ಡ್ ಎಂಜಿನ್‌ಗೆ ಹೊರಳಿದವು. ಮರವಂತೆ, ಗಂಗೊಳ್ಳಿ, ಉಪ್ಪುಂದ, ಭಟ್ಕಳ, ಹೊನ್ನಾವರಗಳ ದಡದಲ್ಲಿ ಬಲೆಯ ಜೊತೆಗೆ ಎಂಜಿನ್ನೂ ಮನೆಯ ಆಸ್ತಿಯಾಯಿತು. ಮಳೆಗಾಲದಲ್ಲಿ ಈ ದೋಣಿಗಳ ಪಾತ್ರ ಇನ್ನೂ ದೊಡ್ಡದು. ಈಗಿನ ನಿಯಮದಂತೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ವಿನಾಯಿತಿ ಇದೆ. ಹಾಗಾಗಿ ಕಡಲು ಅತಿ ಒರಟಾಗಿರುವ ಎರಡು ತಿಂಗಳಲ್ಲೇ, ಅತಿ ಚಿಕ್ಕ ಎಂಜಿನ್ ನಂಬಿಕೊಂಡು, ಬಂಗುಡೆ, ಬೈಗೆ, ಸಿಗಡಿಗಾಗಿ ಜನ ಅಳಿವೆ ದಾಟುತ್ತಾರೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ನದಿಗಳು ಒಟ್ಟಾಗಿ ಕಡಲು ಸೇರುವ ಗಂಗೊಳ್ಳಿಯಲ್ಲಿ ಹೊಳೆಯ ಸೆಳವೂ ಕಡಲ ಅಲೆಯೂ ಎದುರುಬದುರಾಗುತ್ತವೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ.

ಆ ಎಂಜಿನ್‌ಗಳಲ್ಲಿ ಬಹುಪಾಲು ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್‌ಗಳು. ಅವು ಸೀಮೆಎಣ್ಣೆಯಲ್ಲಿ ಓಡುತ್ತಿದ್ದವು. ಪೆಟ್ರೋಲಿಗಿಂತ ಸೀಮೆಎಣ್ಣೆ ಅಗ್ಗವಾಗಿತ್ತು, ಅದರಲ್ಲೂ ಮೀನುಗಾರರಿಗೆ ಸಹಾಯಧನದ ದರದಲ್ಲಿ ಸಿಗುತ್ತಿತ್ತು. ಆದರೆ ತಣ್ಣನೆಯ ಎಂಜಿನ್ ಸೀಮೆಎಣ್ಣೆಯಲ್ಲಿ ಎದ್ದೇಳುವುದಿಲ್ಲ. ಪೆಟ್ರೋಲ್ ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ 35 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಹಾಗಾಗಿ ಚಿಕ್ಕ ಡಬ್ಬದ ಪೆಟ್ರೋಲಿನಲ್ಲಿ ಎಂಜಿನ್ ಎಬ್ಬಿಸಿ, ಅದು ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಬದಲಿಸುವುದು ವಾಡಿಕೆ. ನಿಲ್ಲಿಸುವ ಮುಂಚೆ ಮತ್ತೆ ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ, ಬಟ್ಟಲಿನಲ್ಲಿ ಪೆಟ್ರೋಲೇ ಉಳಿಯುವಂತೆ ಮಾಡಬೇಕು. ಒಂದೇ ಕಾರ್ಬುರೇಟರ್ ಎರಡು ಬಗೆಯ ಇಂಧನವನ್ನು ಸಂಭಾಳಿಸುವ ಈ ಏರ್ಪಾಡಿನಿಂದಲೇ ನಾಡದೋಣಿಯ ಎಂಜಿನ್‌ನಲ್ಲಿ ಉಕ್ಕುವ ದೋಷವನ್ನು ಗುರುತಿಸುವುದು ಕಷ್ಟವಾಗುತ್ತದೆ.

1990ರ ದಶಕದಲ್ಲಿ ಅಳಿವೆಯ ಪಕ್ಕದ ದುರಸ್ತಿ ಶೆಡ್ಡುಗಳಲ್ಲಿ ಕೆಲಸ ನೋಡಿ ಕಲಿತವರ ನೆನಪಿನಲ್ಲಿ ಉಳಿದಿರುವುದು ಮುಖ್ಯವಾಗಿ ಒಂದು ಶಿಸ್ತು. ಎಂಜಿನ್ ಹೆಗಲ ಮೇಲೆ ಬಂದು ಮರದ ಸ್ಟ್ಯಾಂಡ್ ಏರಿದ ಕೂಡಲೇ ಯಾವ ಅನುಭವಿ ಮೆಕ್ಯಾನಿಕ್ಕೂ ಕಾರ್ಬುರೇಟರಿಗೆ ಸ್ಪ್ಯಾನರ್ ಹಾಕುತ್ತಿರಲಿಲ್ಲ. ಮೊದಲು ಪ್ರಶ್ನೆಗಳು ಬರುತ್ತಿದ್ದವು. ಎಲ್ಲಿ ನಿಂತಿತು, ಓಡುವಾಗಲೋ ಎಬ್ಬಿಸುವಾಗಲೋ, ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ, ಎಣ್ಣೆ ಎಲ್ಲಿಂದ ತಂದದ್ದು, ಇಂಧನದ ಕ್ಯಾನ್ ಬಿಸಿಲಲ್ಲಿತ್ತೋ ನೆರಳಲ್ಲಿತ್ತೋ. ಎಷ್ಟು ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ ಎಂದು ಗೋಳಾಡುತ್ತ ಬಂದವರಿಗೆ ಸಿಗುತ್ತಿದ್ದ ಉತ್ತರ ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆ: "ಹ್ವಾಯ್, ಪ್ಲಗ್ ಬಿಚ್ಚಿ ಕಂಡ್ರ್ಯಾ?" ಈ ಪ್ರಶ್ನೆಗಳ ಹಿಂದೆ ಒಂದು ತಿಳಿವಳಿಕೆಯಿತ್ತು. ಕಾರ್ಬುರೇಟರಿನಿಂದ ಇಂಧನ ಸುರಿಯುತ್ತಿದ್ದರೂ ಅದಕ್ಕೆ ಕಾರಣ ಹಲವು ಸಲ ಕಾರ್ಬುರೇಟರಿನ ಆಚೆ ಇರುತ್ತದೆ. ಆದ್ದರಿಂದ ಪರೀಕ್ಷೆ ಹೊರಗಿನಿಂದ ಒಳಕ್ಕೆ, ಕ್ಯಾನಿನಿಂದ ಕಾರ್ಬುರೇಟರಿನೊಳಗಿನ ನೀಡಲ್‌ವರೆಗೆ, ಒಂದೊಂದೇ ಹೆಜ್ಜೆಯಾಗಿ ಸಾಗಬೇಕು.

ಕ್ರಮವನ್ನು ಅರಿಯಲು ಕಾರ್ಬುರೇಟರಿನ ಒಳಗಿನ ಕೆಲಸ ತಿಳಿದಿರಬೇಕು. ಬಟ್ಟಲಿನಲ್ಲಿ ಇಂಧನದ ಮಟ್ಟ ಕಾಯುವುದು ಫ್ಲೋಟ್. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡು ಮೇಲೆದ್ದು ನಲ್ಲಿ ಮುಚ್ಚುವಂತೆಯೇ, ಇಂಧನ ಏರಿದಾಗ ಫ್ಲೋಟ್ ಮೇಲೆದ್ದು ಚೂಪು ತುದಿಯ ನೀಡಲನ್ನು ಹಿತ್ತಾಳೆಯ ಸೀಟಿಗೆ ಒತ್ತುತ್ತದೆ. ಒಳಬರುವ ದಾರಿ ಮುಚ್ಚುತ್ತದೆ. ಬಟ್ಟಲಿನ ಮೇಲೆ ಗಾಳಿಯ ಕೊಳವೆ ನಡುವಿನಲ್ಲಿ ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುವುದರಿಂದ ಜೆಟ್ ಎಂಬ ಸಣ್ಣ ತೂತಿನ ಮೂಲಕ ಇಂಧನ ಮೇಲಕ್ಕೆ ಸೆಳೆಯಲ್ಪಡುತ್ತದೆ. ಫ್ಲೋಟ್ ಇರುವ ಸಿಂಪರಣೆಯ ಕಾರ್ಬುರೇಟರನ್ನು 1893ರ ಸುಮಾರಿಗೆ ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ ರೂಪಿಸಿದ. ಅದೇ ವರ್ಷ ಹಂಗರಿಯ ಬಾಂಕಿ ಮತ್ತು ಚೋಂಕಾ ಕೂಡ ಇಂಥದೇ ಸಾಧನಕ್ಕೆ ಪೇಟೆಂಟ್ ಪಡೆದರು. ಮೂಲ ಉಪಾಯ ಇಂದಿಗೂ ಅದೇ. ಬಟ್ಟಲಿನ ಮಟ್ಟ ಜೆಟ್ಟಿನ ಬಾಯಿಗಿಂತ ತುಸು ಕೆಳಗೆ ನಿಂತಿರುವವರೆಗೆ ಎಲ್ಲವೂ ಸರಿ. ಆ ಮಟ್ಟ ಕೆಲವು ಮಿಲಿಮೀಟರ್ ಏರಿದರೆ ಸಾಕು, ಸೆಳೆತವಿಲ್ಲದೆಯೂ ಇಂಧನ ತಾನಾಗಿ ಕೊಳವೆಗೆ ಚೆಲ್ಲತೊಡಗುತ್ತದೆ.

ಒದ್ದೆ ಪ್ಲಗ್ ಕಂಡ ಮಾತ್ರಕ್ಕೆ ಕಾರ್ಬುರೇಟರ್ ಉಕ್ಕಿದೆ ಎಂದು ತೀರ್ಮಾನಿಸುವಂತಿಲ್ಲ. ಮೂರು ಬೇರೆಬೇರೆ ಸ್ಥಿತಿಗಳು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಮೊದಲನೆಯದು, ಗಾಳಿಯ ದಾರಿ ಮುಚ್ಚುವ ಚೋಕ್ ಎಳೆದಿಟ್ಟು ಮೇಲಿಂದ ಮೇಲೆ ಹಗ್ಗ ಎಳೆದದ್ದರಿಂದ ಸಿಲಿಂಡರ್ ತುಂಬಾ ಇಂಧನ ತುಂಬಿರುವುದು. ಇದರಲ್ಲಿ ಯಂತ್ರದ ದೋಷವಿಲ್ಲ. ಎರಡನೆಯದು, ಸೀಮೆಎಣ್ಣೆಯಲ್ಲೇ ಎಂಜಿನ್ ನಿಂತು, ಬಟ್ಟಲಿನಲ್ಲಿ ಸೀಮೆಎಣ್ಣೆಯೇ ಉಳಿದಿರುವುದು. ಮತ್ತೆ ಎಳೆದಾಗ ಒಳಗೆ ಹೋಗುವುದು ಆವಿಯಾಗದ ಎಣ್ಣೆ. ಅದು ಪ್ಲಗ್ಗನ್ನು ತೋಯಿಸುತ್ತದೆ, ಹೊತ್ತಿಕೊಳ್ಳುವುದಿಲ್ಲ. ಮೂರನೆಯದು ನಿಜವಾದ ಉಕ್ಕುವಿಕೆ. ಇವುಗಳನ್ನು ಬೇರ್ಪಡಿಸಲು ಶೆಡ್ಡುಗಳಲ್ಲಿ ಬಳಸುತ್ತಿದ್ದ ವಿಧಾನ ಬೆರಳು ಮತ್ತು ಮೂಗು. ಪ್ಲಗ್ಗಿನ ತುದಿಯ ತೇವವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದರೆ, ಪೆಟ್ರೋಲ್ ತಣ್ಣಗೆ ತಾಗಿ ಕ್ಷಣದಲ್ಲಿ ಆರಿಹೋಗಿ, ಇಂಧನದಲ್ಲಿ ಬೆರೆಸಿದ 2ಟಿ ಆಯಿಲಿನ ತೆಳು ಜಿಡ್ಡನ್ನಷ್ಟೇ ಬಿಡುತ್ತದೆ. ಸೀಮೆಎಣ್ಣೆ ಆರುವುದಿಲ್ಲ, ಬೆರಳಿಗೆ ಅಂಟಿಕೊಂಡು ತನ್ನ ವಾಸನೆಯನ್ನು ಸಾರುತ್ತದೆ. ಸೀಮೆಎಣ್ಣೆ ಎಂದು ಗೊತ್ತಾದರೆ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಅದನ್ನು ಬಸಿದು, ಪೆಟ್ರೋಲ್ ತುಂಬಿಸಿ ಮತ್ತೆ ಎಳೆಯುವುದೇ ಪರಿಹಾರ.

ಎರಡು ಪ್ಲಗ್ಗುಗಳನ್ನೂ ಬಿಚ್ಚಿ ಜೋಡಿಯಾಗಿ ನೋಡುವುದು ಮುಖ್ಯ. ಒಂದೇ ಕಾರ್ಬುರೇಟರ್ ಎರಡೂ ಸಿಲಿಂಡರುಗಳಿಗೆ ಇಂಧನ ಕೊಡುವ ಎಂಜಿನ್‌ನಲ್ಲಿ ಬಟ್ಟಲು ಉಕ್ಕಿದರೆ ಎರಡೂ ಪ್ಲಗ್ಗುಗಳು ಒದ್ದೆಯಾಗಿರುತ್ತವೆ. ಒಂದು ಒದ್ದೆ, ಇನ್ನೊಂದು ಒಣಗಿ ಕಂದು ಬಣ್ಣವಾಗಿದ್ದರೆ ದೋಷ ಬೇರೆ ಕಡೆ ಇದೆ: ಒದ್ದೆಯಾದ ಸಿಲಿಂಡರಿಗೆ ಕಿಡಿ ಬರುತ್ತಿಲ್ಲ, ಇಲ್ಲವೇ ಇಂಧನದ ಪಂಪಿನಿಂದ ಅದೇ ಸಿಲಿಂಡರಿನ ಕ್ರ್ಯಾಂಕ್‌ಕೇಸಿಗೆ ಇಂಧನ ಸೋರುತ್ತಿದೆ. ಈ ಒಂದು ನೋಟ ಎಷ್ಟೋ ಕಾರ್ಬುರೇಟರುಗಳನ್ನು ಸುಮ್ಮನೆ ಬಿಚ್ಚುವುದರಿಂದ ಉಳಿಸಿದೆ.

ನಂತರದ ಹೆಜ್ಜೆ ಒಳಗೆ ತುಂಬಿದ ಇಂಧನವನ್ನು ಹೊರಹಾಕುವುದು. ಇಂಧನದ ಕಾಕ್ ಮುಚ್ಚಬೇಕು, ಪೈಪ್ ಕಳಚಬೇಕು, ಚೋಕ್ ಒಳಗೆ ತಳ್ಳಿ ಥ್ರಾಟಲ್ ಪೂರ್ತಿ ತೆರೆಯಬೇಕು. ಪ್ಲಗ್ಗುಗಳು ಹೊರಗಿರುವಾಗ ಕಿಡಿಯ ವೈರುಗಳನ್ನು ಎಂಜಿನ್‌ನ ಲೋಹಕ್ಕೆ ಭದ್ರವಾಗಿ ತಾಗಿಸಿ, ಎಂಜಿನ್ ನಿಲ್ಲಿಸುವ ಸ್ವಿಚ್ಚನ್ನೂ ಒತ್ತಿಟ್ಟ ಸ್ಥಿತಿಯಲ್ಲಿರಿಸಬೇಕು. ಹೀಗೆ ಮಾಡದಿದ್ದರೆ ಗಾಳಿಯಲ್ಲಿ ಹಾರುವ ಕಿಡಿ ಹೊರಬರುವ ಆವಿಗೆ ತಗಲಬಹುದು. ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಕೆಡಬಹುದು. ಆಮೇಲೆ ಹಗ್ಗವನ್ನು ಕೆಲವು ಸಲ ಎಳೆದರೆ ಪ್ಲಗ್ ತೂತುಗಳಿಂದ ಇಂಧನ ಸಿಡಿದು ಹೊರಬರುತ್ತದೆ. ಆ ದಿಕ್ಕಿನಲ್ಲಿ ಮುಖವಾಗಲಿ ಬೀಡಿಯಾಗಲಿ ಇರಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಹಾರಿಹೋಗದೆ ದೋಣಿಯ ಅಡಿಯಲ್ಲಿ, ನೀರು ನಿಲ್ಲುವ ಜಾಗದಲ್ಲೇ ಸೇರಿಕೊಳ್ಳುತ್ತದೆ. ಆದ್ದರಿಂದ ದೋಣಿಯಲ್ಲೇ ಈ ಕೆಲಸ ಮಾಡಬೇಕಾದಾಗ ಎಂಜಿನ್‌ನ ಟೋಪಿ ತೆಗೆದು, ಚೆಲ್ಲಿದ್ದನ್ನು ಬಟ್ಟೆಯಲ್ಲಿ ಒರೆಸಿ, ಗಾಳಿಯಾಡಲು ಬಿಟ್ಟು, ಅನಂತರವೇ ಎಬ್ಬಿಸಬೇಕು. ಪ್ಲಗ್ ಒರೆಸಿ ಹಾಕಿ, ಚೋಕ್ ಇಲ್ಲದೆ, ಅರ್ಧ ಥ್ರಾಟಲಿನಲ್ಲಿ ಎಳೆದಾಗ ಎಂಜಿನ್ ಎದ್ದು ಸರಿಯಾಗಿ ಓಡಿದರೆ ಅಲ್ಲಿಗೆ ಮುಗಿಯಿತು. ಓಡಿದ ಸ್ವಲ್ಪ ಹೊತ್ತಿಗೆ ಮತ್ತೆ ಹೊಗೆಯಾಡಿ ಮುಗ್ಗರಿಸಿದರೆ, ಇಲ್ಲವೇ ಕಾರ್ಬುರೇಟರಿನ ಬಾಯಿಂದ ಹನಿ ಬಿದ್ದರೆ, ಹುಡುಕಾಟ ಮುಂದುವರಿಯಬೇಕು.

ಹುಡುಕಾಟ ಶುರುವಾಗುವುದು ಕ್ಯಾನಿನಿಂದ. ಬಿಸಿಲಿನಲ್ಲಿಟ್ಟ ಕ್ಯಾನಿನೊಳಗೆ ಇಂಧನವೂ ಆವಿಯೂ ಹಿಗ್ಗುತ್ತವೆ. ಮುಚ್ಚಳದ ಗಾಳಿಯ ತಿರುಪು ಬಿಗಿದಿದ್ದರೆ ಆ ಒತ್ತಡವೆಲ್ಲ ಪೈಪಿನ ಮೂಲಕ ನೀಡಲ್ ಮೇಲೆ ಬೀಳುತ್ತದೆ. ಫ್ಲೋಟಿನ ಪುಟ್ಟ ಬಲ ಅದನ್ನು ತಡೆಯಲಾರದು. ನೀಡಲ್ ಸೀಟಿನಿಂದ ಎದ್ದು ಇಂಧನ ನುಗ್ಗುತ್ತದೆ. ಎಂಜಿನ್ ನಿಲ್ಲಿಸಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪೊರೆ ಕಾಣಿಸಿಕೊಳ್ಳುವುದಕ್ಕೆ ಹಲವು ಸಲ ಇದೇ ಕಾರಣ. ಕ್ಯಾನನ್ನು ಎಂಜಿನ್‌ಗಿಂತ ಎತ್ತರದಲ್ಲಿ ಇಡುವುದೂ ಇಂಥದೇ ಒತ್ತಡ ಹುಟ್ಟಿಸುತ್ತದೆ. ಓಡುವಾಗ ಗಾಳಿಯ ತಿರುಪು ತೆರೆದಿರಬೇಕು, ಇಲ್ಲದಿದ್ದರೆ ಕ್ಯಾನಿನಲ್ಲಿ ನಿರ್ವಾತವಾಗಿ ಎಂಜಿನ್‌ಗೆ ಇಂಧನವೇ ಸಿಗುವುದಿಲ್ಲ. ನಿಲ್ಲಿಸಿದ ಮೇಲೆ ಪೈಪನ್ನು ಕಳಚಿಡುವುದು ಕ್ಷೇಮ.

ಕ್ಯಾನಿನ ನಂತರ ರಬ್ಬರ್ ಬಲ್ಬ್. ಪೈಪಿನ ನಡುವೆ ಇರುವ ಈ ಬಲ್ಬಿನೊಳಗೆ ಒಂದೇ ದಿಕ್ಕಿಗೆ ತೆರೆಯುವ ಎರಡು ವಾಲ್ವ್‌ಗಳಿವೆ. ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಬಟ್ಟಲು ತುಂಬಿ ನೀಡಲ್ ಮುಚ್ಚಿದಾಗ ಬಲ್ಬ್ ಕೈಗೆ ಗಟ್ಟಿಯಾಗಿ ತಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅವಸರದಲ್ಲಿ ಇನ್ನೂ ಬಲವಾಗಿ ಒತ್ತಿದರೆ ಒಳ್ಳೆಯ ನೀಡಲ್ಲೂ ಸೋಲುತ್ತದೆ, ಬಟ್ಟಲು ಉಕ್ಕುತ್ತದೆ. ಇದೇ ಬಲ್ಬ್ ಒಳ್ಳೆಯ ಪರೀಕ್ಷೆಯ ಸಾಧನವೂ ಹೌದು. ಗಟ್ಟಿಯಾಗಿ, ಗಟ್ಟಿಯಾಗಿಯೇ ನಿಂತರೆ ನೀಡಲ್ ಸರಿಯಾಗಿ ಕೂರುತ್ತಿದೆ. ಗಟ್ಟಿಯಾಗಿ ಮತ್ತೆ ನಿಧಾನಕ್ಕೆ ಮೆತ್ತಗಾಗುತ್ತ, ಕಾರ್ಬುರೇಟರಿನ ಬಾಯಲ್ಲಿ ತೇವ ಕಾಣಿಸಿದರೆ ನೀಡಲ್ ಸೋರುತ್ತಿದೆ. ಮೆತ್ತಗಾದರೂ ಹೊರಗೆಲ್ಲೂ ತೇವವಿಲ್ಲದಿದ್ದರೆ ಪಂಪಿನ ಡಯಾಫ್ರಮ್, ಬಲ್ಬಿನ ವಾಲ್ವ್ ಅಥವಾ ಪೈಪಿನ ಜೋಡಣೆಯನ್ನು ನೋಡಬೇಕು. ಕಾರ್ಬುರೇಟರನ್ನು ಜಾಗದಿಂದ ಅಲುಗಿಸದೆಯೇ ಇಷ್ಟು ತಿಳಿಯಬಹುದು.

ಪಂಪಿನ ಡಯಾಫ್ರಮ್ ದೋಷ ವಿರಳ, ಆದರೆ ಮೋಸ ಮಾಡುವಂಥದ್ದು. ಈ ಎಂಜಿನ್‌ಗಳಲ್ಲಿ ಇಂಧನದ ಪಂಪನ್ನು ನಡೆಸುವುದು ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತ. ತೆಳ್ಳಗಿನ ಡಯಾಫ್ರಮ್ಮಿನ ಒಂದು ಪಕ್ಕ ಇಂಧನ, ಇನ್ನೊಂದು ಪಕ್ಕ ಈ ಒತ್ತಡ. ಅದರಲ್ಲಿ ಸೂಜಿಮೊನೆಯಷ್ಟು ತೂತಾದರೂ ಇಂಧನ ಕಾರ್ಬುರೇಟರನ್ನು ಬದಿಗಿಟ್ಟು ನೇರವಾಗಿ ಕ್ರ್ಯಾಂಕ್‌ಕೇಸಿಗೆ ಹೋಗುತ್ತದೆ. ಎಂಜಿನ್ ಉಕ್ಕಿದಂತೆಯೇ ವರ್ತಿಸುತ್ತದೆ, ಕಾರ್ಬುರೇಟರನ್ನು ಎಷ್ಟು ಸಲ ತೊಳೆದರೂ ಫಲವಿಲ್ಲ. ಡಯಾಫ್ರಮ್ಮನ್ನು ಬೆಳಕಿಗೆ ಹಿಡಿದು ನೋಡಿದರೆ ತೂತು, ಬಿರುಕು ಅಥವಾ ಗಟ್ಟಿಯಾಗಿ ಸೆಟೆದ ಅಂಚು ಕಾಣುತ್ತದೆ. ಅದಕ್ಕೆ ಬದಲಿಯೊಂದೇ ಪರಿಹಾರ.

ಇಷ್ಟಾದ ಮೇಲೆ ಚೋಕಿನ ತಟ್ಟೆಯನ್ನು ಕಣ್ಣಾರೆ ನೋಡಬೇಕು. ಉಪ್ಪುಗಾಳಿಯಲ್ಲಿ ಅದರ ಕಡ್ಡಿ ತುಕ್ಕು ಹಿಡಿದು, ಗುಂಡಿ ಒಳಗೆ ಹೋದರೂ ತಟ್ಟೆ ಅರ್ಧ ಮುಚ್ಚಿಯೇ ಉಳಿದಿರಬಹುದು. ಗಾಳಿ ಕಡಿಮೆಯಾದಾಗ ಇಂಧನದ ಪಾಲು ತಾನಾಗಿ ಹೆಚ್ಚುತ್ತದೆ. ಬೆರಳಿನಿಂದ ತಟ್ಟೆ ಅಲ್ಲಾಡಿಸಿ, ಪೂರ್ತಿ ತೆರೆಯುತ್ತದೆಯೇ ಎಂದು ನೋಡಲು ಒಂದು ನಿಮಿಷ ಸಾಕು.

ಈಗ ಕಾರ್ಬುರೇಟರ್ ಬಿಚ್ಚುವ ಸರದಿ. ಶೆಡ್ಡಿನಲ್ಲಿ ಇದಕ್ಕೆ ಬಿಳಿಯ ಎನಾಮಲ್ ತಟ್ಟೆಯೊಂದು ಇರುತ್ತಿತ್ತು. ಬಟ್ಟಲಿನಲ್ಲಿದ್ದುದನ್ನು ಮಣ್ಣಿಗೆ ಚೆಲ್ಲದೆ ಆ ತಟ್ಟೆಗೆ ಸುರಿದು, ಬೆಳಕಿನತ್ತ ಓರೆ ಮಾಡಿ ನೋಡುವುದು ಮೊದಲ ಕೆಲಸ. ತಟ್ಟೆ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಇಂಧನದ ಅಡಿಯಲ್ಲಿ ಗುಂಡಗೆ ಉರುಳಾಡುವ ಹನಿಗಳು ನೀರು. ಕಂದು ಪುಡಿ ತಗಡಿನ ಡಬ್ಬದ ತುಕ್ಕು. ಕಪ್ಪು ಚೂರುಗಳು ಒಳಗಿನಿಂದ ಸವೆಯುತ್ತಿರುವ ಹಳೆಯ ರಬ್ಬರ್ ಪೈಪು. ಹೊಳೆಯುವ ಕಣಗಳು ದಡದ ಮರಳು. ಬಿಳಿಯ ಹಿಟ್ಟಿನಂತಹದು ಉಪ್ಪುನೀರು ತಿಂದ ಅಲ್ಯೂಮಿನಿಯಂ. ಹಿತ್ತಾಳೆಯ ಭಾಗಗಳ ಮೇಲೆ ಹಸಿರು ಕಿಲುಬು ಕಂಡರೆ ಉಪ್ಪುನೀರು ಬಹುಕಾಲ ಒಳಗೇ ನಿಂತಿತ್ತೆಂದು ತಿಳಿಯಬೇಕು. ಇವುಗಳಲ್ಲಿ ಯಾವುದೇ ಒಂದು ಕಣ ನೀಡಲ್ ಮತ್ತು ಸೀಟಿನ ನಡುವೆ ಸಿಕ್ಕಿಕೊಂಡರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಉಕ್ಕುವ ಕಾರ್ಬುರೇಟರುಗಳ ಅತಿ ಸಾಮಾನ್ಯ ಕಾರಣ ಇದು. ತೊಳೆದರೆ ಗುಣವಾಗುತ್ತದೆ, ಆದರೆ ಕಸ ಬಂದ ಮೂಲವನ್ನು ಸರಿಪಡಿಸದಿದ್ದರೆ ದೋಷ ಮರಳಿ ಬರುತ್ತದೆ.

ಫ್ಲೋಟಿನ ಕೀಲಿನ ಪಿನ್ ಸರಿಸಿ ಫ್ಲೋಟ್ ಮತ್ತು ನೀಡಲ್ ಹೊರತೆಗೆದಾಗ ಮೊದಲು ಪರೀಕ್ಷಿಸಬೇಕಾದದ್ದು ನೀಡಲಿನ ತುದಿ. ಹೊಸ ನೀಡಲಿನ ಶಂಕುವಿನಾಕಾರದ ತುದಿ ನುಣುಪಾಗಿರುತ್ತದೆ. ಅಲೆಗಳ ಮೇಲೆ ಕುಣಿಯುವ ಎಂಜಿನ್‌ನಲ್ಲಿ ಅದು ಸೀಟಿಗೆ ಲಕ್ಷಾಂತರ ಸಲ ಬಡಿದು, ತಾಗುವ ಜಾಗದಲ್ಲಿ ಉಂಗುರದಂತಹ ಗೆರೆ ಬೀಳುತ್ತದೆ. ಹಳಬರು ಉಗುರಿನ ಅಂಚನ್ನು ತುದಿಯ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದರು. ಕಣ್ಣಿಗೆ ಕಾಣದ ಮೆಟ್ಟಿಲು ಉಗುರಿಗೆ ಸಿಗುತ್ತಿತ್ತು. ಮೆಟ್ಟಿಲು ಸಿಕ್ಕಿತೆಂದರೆ ನೀಡಲ್ ಬದಲಿಸಬೇಕು. ಉಜ್ಜಿ ನುಣುಪು ಮಾಡಿದರೆ ಆಕಾರ ಕೆಟ್ಟು ಸೋರಿಕೆ ಹೆಚ್ಚುತ್ತದೆ. ಸೀಟನ್ನು ಮೆತ್ತನೆಯ ಬಟ್ಟೆ ಸುತ್ತಿದ ಬೆಂಕಿಕಡ್ಡಿಯಿಂದ ಒರೆಸಬೇಕು, ತಂತಿ ತಾಗಿಸಬಾರದು. ಜೆಟ್ಟುಗಳಿಗೂ ಇದೇ ಎಚ್ಚರ. ಉಕ್ಕಿನ ತಂತಿ ಹಿತ್ತಾಳೆಯ ತೂತನ್ನು ಹಿಗ್ಗಿಸಿದರೆ ಆ ಎಂಜಿನ್ ಮುಂದೆಂದೂ ಸರಿಯಾದ ಮಿಶ್ರಣ ಪಡೆಯದು. ಈ ಕೆಲಸಕ್ಕೆ ಮೀನುಗಾರರ ಮನೆಯಲ್ಲೇ ಸಿಗುವ ಸಾಧನ ಕಂತುಬಲೆಯ ನೈಲಾನ್ ಎಳೆ. ಅದು ತೂತಿನ ಕಸ ತಳ್ಳುತ್ತದೆ, ಲೋಹವನ್ನು ಗೀರುವುದಿಲ್ಲ.

ಫ್ಲೋಟಿನ ದೋಷಗಳು ಮೂರು ಬಗೆ. ಟೊಳ್ಳು ಫ್ಲೋಟಿನಲ್ಲಿ ಬಿರುಕು ಬಿದ್ದು ಒಳಗೆ ಇಂಧನ ಸೇರಿದರೆ ಅದು ಭಾರವಾಗಿ ಮುಳುಗುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ದ್ರವದ ಸದ್ದು ಕೇಳುತ್ತದೆ. ಬಿರುಕು ಹುಡುಕಲು ಅದನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದರೆ ಗುಳ್ಳೆಗಳು ಏಳುತ್ತವೆ. ನೀರು ಕಾಯಿಸುವ ಒಲೆ ಮಾತ್ರ ಇಂಧನದಿಂದ ದೂರವಿರಬೇಕು. ಗಟ್ಟಿ ಫ್ಲೋಟ್ ವರ್ಷಗಳ ಮೇಲೆ ಇಂಧನ ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಹೊಸದರ ಪಕ್ಕದಲ್ಲಿಟ್ಟು ತೂಗಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮೂರನೆಯದು, ಫ್ಲೋಟ್ ಚೆನ್ನಾಗಿದ್ದೂ ಸರಾಗವಾಗಿ ಚಲಿಸದಿರುವುದು. ಕೀಲಿನ ಪಿನ್ ಸವೆದು ಫ್ಲೋಟ್ ವಾಲಿದರೆ ಅದು ಬಟ್ಟಲಿನ ಗೋಡೆಗೆ ಉಜ್ಜುತ್ತದೆ. ಗೋಡೆಯ ಮೇಲೆ ಒಂದೇ ಕಡೆ ಹೊಳಪು ಮಚ್ಚೆ ಕಂಡರೆ ಅದೇ ಸಾಕ್ಷಿ.

ನೀಡಲ್, ಸೀಟ್, ಫ್ಲೋಟ್ ಮೂರೂ ಸರಿಯಿದ್ದರೆ ಉಳಿಯುವುದು ಎತ್ತರದ ಹೊಂದಾಣಿಕೆ. ಕಾರ್ಬುರೇಟರನ್ನು ತಲೆಕೆಳಗಾಗಿ ಹಿಡಿದು, ಫ್ಲೋಟ್ ತನ್ನ ಭಾರದಿಂದಲೇ ನೀಡಲನ್ನು ಮುಚ್ಚುವಂತೆ ಬಿಟ್ಟು, ಬಟ್ಟಲು ಕೂರುವ ಅಂಚಿನಿಂದ ಫ್ಲೋಟಿನ ಮೇಲ್ಮೈಗೆ ಅಳೆಯಬೇಕು. ಎಷ್ಟಿರಬೇಕೆಂಬುದು ಆಯಾ ಎಂಜಿನ್‌ನ ಕೈಪಿಡಿಯಲ್ಲಿದೆ. ಒಂದರ ಅಳತೆ ಇನ್ನೊಂದಕ್ಕೆ ಹೊಂದದು. ತಿದ್ದಬೇಕಾದರೆ ನೀಡಲ್ ಮೇಲೆ ಕೂರುವ ಚಿಕ್ಕ ಲೋಹದ ನಾಲಿಗೆಯನ್ನು ಕೂದಲೆಳೆಯಷ್ಟು ಬಾಗಿಸಬೇಕು. ಫ್ಲೋಟಿನ ಉದ್ದ ತೋಳು ಆ ಅಲ್ಪ ಬದಲಾವಣೆಯನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಫ್ಲೋಟನ್ನು ಕೈಯಿಂದ ಒತ್ತಿ ಬಾಗಿಸಿದರೆ ನೀಡಲಿನ ತುದಿ ಸೀಟಿಗೆ ಒತ್ತಿ ಜಖಂ ಆಗುತ್ತದೆ.

ಸೀಮೆಎಣ್ಣೆಯ ಎಂಜಿನ್‌ಗಳಲ್ಲಿ ಈ ಎತ್ತರಕ್ಕೆ ಇನ್ನೊಂದು ಆಯಾಮವಿದೆ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ, ಸೀಮೆಎಣ್ಣೆಯದು ಸುಮಾರು 800 ಗ್ರಾಂ. ಸಾಂದ್ರತೆ ಹೆಚ್ಚಿರುವ ಸೀಮೆಎಣ್ಣೆಯಲ್ಲಿ ಫ್ಲೋಟ್ ಹೆಚ್ಚು ಬಲದಿಂದ ಮೇಲೇಳುತ್ತದೆ, ನೀಡಲನ್ನು ಬೇಗ ಮತ್ತು ಬಿಗಿಯಾಗಿ ಮುಚ್ಚುತ್ತದೆ. ಪೆಟ್ರೋಲಿನಲ್ಲಿ ಅದೇ ಫ್ಲೋಟ್ ಸ್ವಲ್ಪ ಹೆಚ್ಚು ಮುಳುಗುತ್ತದೆ, ಆದ್ದರಿಂದ ಮಟ್ಟ ತುಸು ಮೇಲೇರಿದ ಮೇಲೆಯೇ ದಾರಿ ಮುಚ್ಚುತ್ತದೆ. ಪೆಟ್ರೋಲ್ ತೆಳುವಾಗಿರುವುದರಿಂದ ಸೀಮೆಎಣ್ಣೆ ನುಸುಳದ ಗೀರಿನಲ್ಲೂ ನುಸುಳುತ್ತದೆ. ಹೀಗಾಗಿ ಅರೆಸವೆದ ನೀಡಲ್ ಇರುವ ಎಂಜಿನ್ ಕಡಲಿನಲ್ಲಿ ಸೀಮೆಎಣ್ಣೆಯಲ್ಲಿ ಚೆನ್ನಾಗಿಯೇ ಓಡಿ, ಪೆಟ್ರೋಲಿಗೆ ಬದಲಿಸಿದಾಗ ಉಕ್ಕಬಹುದು. ಪೆಟ್ರೋಲಿಗೆ ಬದಲಿಸುವುದು ದಡ ಹತ್ತಿರವಾದಾಗ. ಅಳಿವೆ ದಾಟಬೇಕಾದದ್ದೂ ಆಗಲೇ. "ಹೊರಗೆ ಸರಿ ಇರುತ್ತದೆ, ಬಾಗಿಲಿಗೆ ಬಂದಾಗ ಕೈಕೊಡುತ್ತದೆ" ಎಂಬ ದೂರನ್ನು ಶೆಡ್ಡಿನ ಹಿರಿಯರು ಹಗುರವಾಗಿ ತೆಗೆದುಕೊಳ್ಳದೆ ನೇರವಾಗಿ ನೀಡಲ್ ನೋಡುತ್ತಿದ್ದುದು ಈ ಕಾರಣಕ್ಕೆ. ಸೀಮೆಎಣ್ಣೆಯಲ್ಲಿ ಸೋರಿಕೆಯಿಲ್ಲ ಎಂಬುದು ಪರೀಕ್ಷೆ ಮುಗಿಯಿತು ಎಂಬುದಕ್ಕೆ ಆಧಾರವಲ್ಲ. ಪೆಟ್ರೋಲ್ ತುಂಬಿ, ಬಲ್ಬ್ ಒತ್ತಿ, ಕೆಲವು ನಿಮಿಷ ಕಾದು ನೋಡಿದಾಗಲೇ ಅದು ಪೂರ್ತಿ.

ಮರಳಿ ಜೋಡಿಸುವಾಗ ಹಳೆಯ ಗ್ಯಾಸ್ಕೆಟ್ ಬಳಸದಿರುವುದು ಒಳ್ಳೆಯದು. ಪ್ರತಿಯೊಂದು ತೂತಿಗೂ ಗಾಳಿ ಊದಿ, ಎಲ್ಲ ದಾರಿಗಳೂ ತೆರೆದಿವೆಯೆಂದು ಖಚಿತಪಡಿಸಿಕೊಳ್ಳಬೇಕು. ಬಾಯಿಯಿಂದ ಇಂಧನ ಹೀರುವ ಹಳೆಯ ಅಭ್ಯಾಸ ಬೇಡ. ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಗಂಭೀರ ಅಪಾಯ. ಜೋಡಿಸಿದ ಎಂಜಿನ್‌ನ ಕಾಲನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿಯೇ ಎಬ್ಬಿಸಬೇಕು. ನೀರಿಲ್ಲದೆ ಓಡಿಸಿದರೆ ತಂಪಿನ ನೀರೆತ್ತುವ ಪಂಪಿನ ರಬ್ಬರ್ ಚಕ್ರ ಬಹುಬೇಗ ಸುಟ್ಟುಹೋಗುತ್ತದೆ. ಹಿಂದಿನ ರಂಧ್ರದಿಂದ ನೀರಿನ ಎಳೆ ಚಿಮ್ಮುವುದನ್ನು ನೋಡಿಕೊಂಡು, ಎಂಜಿನ್ ಬಿಸಿಯಾದ ಮೇಲೆ ನಿಧಾನ ಓಟದ ತಿರುಪನ್ನು ಕೈಪಿಡಿಯಂತೆ ಹೊಂದಿಸಬೇಕು. ಉಕ್ಕುವ ದೋಷವನ್ನು ಈ ತಿರುಪಿನಿಂದ ಮುಚ್ಚಿಹಾಕಲು ಹೋದರೆ ಆ ಹೊತ್ತಿಗೆ ಎಂಜಿನ್ ಸುಧಾರಿಸಿದಂತೆ ಕಂಡು, ವೇಗದ ಓಟದಲ್ಲಿ ಮತ್ತೆ ಕೆಡುತ್ತದೆ.

ಉಕ್ಕುವಿಕೆಯನ್ನು ಅಲಕ್ಷಿಸಿ ಓಡಿಸಿದರೆ ನಷ್ಟ ಇಂಧನಕ್ಕೆ ಮಾತ್ರ ನಿಲ್ಲುವುದಿಲ್ಲ. ಟೂ ಸ್ಟ್ರೋಕ್ ಎಂಜಿನ್‌ನ ಬೇರಿಂಗ್‌ಗಳಿಗೆ ಜಿಡ್ಡು ಸಿಗುವುದು ಇಂಧನದಲ್ಲಿ ಬೆರೆಸಿದ 2ಟಿ ಆಯಿಲಿನಿಂದ. ದ್ರವವಾಗಿ ನುಗ್ಗುವ ಇಂಧನ ಆ ಜಿಡ್ಡನ್ನೇ ತೊಳೆದುಹಾಕುತ್ತದೆ. ಸಿಲಿಂಡರಿನ ಗೋಡೆ, ಉಂಗುರಗಳು, ಬೇರಿಂಗ್‌ಗಳು ಬೇಗ ಸವೆಯುತ್ತವೆ. ಕೆಲವು ನೂರು ರೂಪಾಯಿಯ ನೀಡಲ್ ಬದಲಿಸದೆ ಮುಂದೂಡಿದ ಮನೆಗಳು ಕೊನೆಗೆ ಇಡೀ ಎಂಜಿನ್ ಬಿಚ್ಚಿಸಬೇಕಾಗಿ ಬಂದುದನ್ನು ಕರಾವಳಿ ಕಂಡಿದೆ. ಹಿಡಿದ ಮೀನಿನ ಪಾಲಿನಲ್ಲಿ ದಿನದ ಖರ್ಚು ತೆಗೆಯುವ ಕುಟುಂಬಕ್ಕೆ ಅದು ಒಂದು ಇಡೀ ಮಳೆಗಾಲದ ದುಡಿಮೆ.

ತಡೆಯುವ ಕ್ರಮಗಳು ಸರಳ. ಇಂಧನವನ್ನು ಬಲೆಜಾಲರಿಯ ಆಲಿಕೆಯಲ್ಲಿ ಸೋಸಿ ತುಂಬುವುದು, ಕ್ಯಾನಿನ ತಳದಲ್ಲಿ ನಿಂತ ನೀರು ಎಂಜಿನ್‌ಗೆ ಹೋಗದಂತೆ ಕೊನೆಯ ಪಾಲನ್ನು ಬಳಸದೆ ಬಿಡುವುದು, ದಾರಿಯ ಫಿಲ್ಟರನ್ನು ಆಗಾಗ ತೊಳೆಯುವುದು, ಒಳಗಿನಿಂದ ಮೆತ್ತಗಾದ ಪೈಪನ್ನು ಬದಲಿಸುವುದು. ದಿನದ ಕೊನೆಗೆ ಪೆಟ್ರೋಲಿನಲ್ಲಿ ಓಡಿಸಿ ನಿಲ್ಲಿಸುವುದು, ಬಹುದಿನ ಬಿಡುವುದಾದರೆ ಬಟ್ಟಲನ್ನು ಬಸಿದು ಒಣಗಿಸಿಡುವುದು. ಕಡಲಿಗೆ ಹೋಗುವಾಗ ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್, ಒಂದು ನೀಡಲ್ ಮತ್ತು ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಟ್ಟುಕೊಳ್ಳುವುದು. ಅಳಿವೆಗೆ ಇಳಿಯುವ ಮುನ್ನ, ಇನ್ನೂ ಆಳದ ನೀರಿನಲ್ಲಿರುವಾಗಲೇ ಪೆಟ್ರೋಲಿಗೆ ಬದಲಿಸಿ ಎಂಜಿನ್ ಸ್ಥಿರವಾಗಿ ಓಡುತ್ತದೆಯೇ ಎಂದು ಪರೀಕ್ಷಿಸುವುದು ಇವೆಲ್ಲಕ್ಕಿಂತ ಮುಖ್ಯ.

ಈಚಿನ ವರ್ಷಗಳಲ್ಲಿ ಸಹಾಯಧನದ ಸೀಮೆಎಣ್ಣೆಯ ಪೂರೈಕೆ ಕುಗ್ಗಿದ್ದು, ನಾಡದೋಣಿಗಳು ಪೆಟ್ರೋಲ್ ಎಂಜಿನ್‌ಗಳತ್ತ ಸಾಗುತ್ತಿವೆ. ಎರಡು ಇಂಧನಗಳ ತೊಡಕು ಅದರೊಂದಿಗೆ ಕಡಿಮೆಯಾಗುತ್ತದೆ, ಆದರೆ ಹೊಸದೊಂದು ಸೇರಿಕೊಂಡಿದೆ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಸರಾಸರಿ ಶೇ. 10 ತಲುಪಿತು, ಈಗ ಶೇ. 20ರ ಮಿಶ್ರಣ ಪಂಪುಗಳಲ್ಲಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ಅದು ನೀರಿನೊಂದಿಗೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಹಳೆಯ ಎಂಜಿನ್‌ಗಳ ಕೆಲವು ರಬ್ಬರ್ ಭಾಗಗಳು ಅದರಲ್ಲಿ ಉಬ್ಬುತ್ತವೆ, ಬಟ್ಟಲಿನ ತಳದಲ್ಲಿ ಕಿಲುಬು ಬೇಗ ಕೂರುತ್ತದೆ. ಕರಾವಳಿಯ ತೇವದ ಹವೆಯಲ್ಲಿ, ಅರ್ಧ ತುಂಬಿದ ಕ್ಯಾನ್ ವಾರಗಟ್ಟಲೆ ನಿಲ್ಲುವ ಮನೆಗಳಲ್ಲಿ, ಇದು ಗಮನಿಸಬೇಕಾದ ಸಂಗತಿ. ಇಂಧನವನ್ನು ಬೇಕಾದಷ್ಟೇ ತಂದು ಬೇಗ ಮುಗಿಸುವುದು, ಪೈಪ್ ಮತ್ತು ಡಯಾಫ್ರಮ್‌ಗಳನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸುವುದು ಇದಕ್ಕೆ ಉಪಾಯ. ಪರೀಕ್ಷೆಯ ಕ್ರಮ ಮಾತ್ರ ಬದಲಾಗಬೇಕಿಲ್ಲ: ಮೊದಲು ಪ್ಲಗ್, ಆಮೇಲೆ ಕ್ಯಾನ್, ಬಲ್ಬ್, ಪಂಪ್, ಚೋಕ್, ಇವೆಲ್ಲ ಸರಿಯಿದ್ದರೆ ಕಾರ್ಬುರೇಟರ್. ಕಾರ್ಬುರೇಟರ್ ಇರುವ ಯಾವುದೇ ದೋಣಿ ಎಂಜಿನ್‌ಗೂ ಈ ಕ್ರಮ ಹೊಂದುತ್ತದೆ.